ವಲಸೆ ಹೋಗುವ ದೇಶ ಆರಿಸುವಾಗ ನೀರನ್ನು ಲೆಕ್ಕಕ್ಕೆ ಹಿಡಿದವರು ಯಾರಾದರೂ ಇದ್ದೀರಾ?

ಕೋಲಾರದ ಮಗಳು

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು ಹೊರದೇಶಕ್ಕೆ ಹೋಗಿ ನೆಲೆಸುವ ಯೋಚನೆಯಲ್ಲಿದ್ದೇವೆ. ನಮ್ಮ ಮುಂದೆ ಮೂರು ದಾರಿ ಇವೆ. ಯಜಮಾನರ ಕಂಪನಿಯವರು ಅಮೆರಿಕದ ಫೀನಿಕ್ಸ್‌ಗೆ ಕಳಿಸಲು ಒಪ್ಪಿದ್ದಾರೆ. ನಾನು ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಪಿಆರ್ (ಕಾಯಂ ವಾಸದ ಪರವಾನಗಿ) ಅರ್ಜಿ ಹಾಕಬಹುದು. ಕೆನಡಾದ ವಾಟರ್ಲೂನಲ್ಲಿ ಮೈದುನ ಇದ್ದಾನೆ, ಬನ್ನಿ ಬನ್ನಿ ಅನ್ನುತ್ತಾನೆ. ಸಂಬಳ, ಶಾಲೆ, ವೀಸಾ, ಚಳಿ ಎಲ್ಲದರ ಲೆಕ್ಕ ಹಾಕಿ ಆಯಿತು. ನಾನು ನೀರಿನದ್ದೂ ಒಂದು ಕಾಲಂ ಸೇರಿಸಿದೆ. ಮನೆಯಲ್ಲಿ ಯಾರಿಗೂ ಅದು ಅರ್ಥವಾಗುತ್ತಿಲ್ಲ. "ಅವೆಲ್ಲ ಮುಂದುವರಿದ ದೇಶಗಳು, ಅಲ್ಲಿ ನೀರಿಗೇನು ಬರ" ಅನ್ನುತ್ತಾರೆ.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ಹೇಳುತ್ತೇನೆ. ನಮ್ಮೂರು ನರಸಾಪುರದ ಹತ್ತಿರ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಹಾಕಿಸಿದ ಬೋರ್‌ವೆಲ್ 300 ಅಡಿಗೆ ನೀರು ಕೊಟ್ಟಿತ್ತು. ನನ್ನ ಮದುವೆಯ ವರ್ಷ 1,400 ಅಡಿ ಕೊರೆದರೂ ಬಂದದ್ದು ಬರೀ ಬಿಳಿ ಪುಡಿ. ಲಾರಿಯವರು ಪೈಪು ಜೋಡಿಸುತ್ತಾ ಹೋದ ಹಾಗೆ ಅಪ್ಪ ಒಂದೊಂದೇ ಪೈಪು ಎಣಿಸುತ್ತಾ ಕಲ್ಲಿನ ಮೇಲೆ ಕೂತಿದ್ದರು. ಆ ಮುಖ ಇನ್ನೂ ಕಣ್ಣಮುಂದೆ ಇದೆ. ಮದುವೆಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲು ಆ ತೂತಿಗೆ ಹೋಯಿತು.

ಆಮೇಲೆ ಬೆಂಗಳೂರು. 2024ರ ಮಾರ್ಚ್‌ನಲ್ಲಿ ನಗರದ 13,900 ಚಿಲ್ಲರೆ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್ಲೂ ನಿಂತವು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ರಾತ್ರಿ ಎರಡಕ್ಕೆ ಟ್ಯಾಂಕರ್ ಬಂದು ಸಂಪಿಗೆ ಪೈಪು ಬಿಡುವ ಸದ್ದು ಕೇಳಿದರೆ ಮಾತ್ರ ನನಗೆ ನಿದ್ದೆ. ಮಗಳು ಒಂದು ದಿನ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ನೀರನ್ನು ಮಗ್ಗಿನಲ್ಲಿ ಹಿಡಿದು ತಂದು ತುಳಸಿಗೆ ಹಾಕಲಾ ಅಂತ ಕೇಳಿದಳು. ಅವಳು ಹೆದರಿದ್ದಳು. ಅದನ್ನು ನೋಡಿದ ದಿನದಿಂದ ಈ ಕಾಲಂ ನನಗೆ ಸಂಬಳದ ಕಾಲಂಗಿಂತ ಕಡಿಮೆಯದ್ದಲ್ಲ.

ಆ ಮೂರು ಊರಿನಲ್ಲಿ ಇರುವವರು, ಇದ್ದು ಬಂದವರು, ನೀರಿನ ವಿಷಯ ಬಲ್ಲವರು ದಯವಿಟ್ಟು ಹೇಳಿ.

ಜಲಲೆಕ್ಕ

ನಾನು ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಮೈಸೂರಿನಲ್ಲಿದ್ದೇನೆ. ತಾಯಿ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಅದರಲ್ಲಿ "ದೇಶ" ಎಂಬ ಮಾತನ್ನು ತೆಗೆದು "ಊರು" ಎಂದು ಬರೆದುಕೊಳ್ಳಿ.

ನೀರಿನ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ತಲಾ ಲಭ್ಯತೆಯ ಅಂಕಿ. ವರ್ಷಕ್ಕೆ ಒಬ್ಬರಿಗೆ 1,700 ಘನ ಮೀಟರಿಗಿಂತ ಕಡಿಮೆಯಿದ್ದರೆ ಒತ್ತಡ, 1,000ಕ್ಕಿಂತ ಕಡಿಮೆಯಾದರೆ ಕೊರತೆ ಎಂಬ ಲೆಕ್ಕವದು. ಭಾರತದ್ದು 2021ಕ್ಕೆ 1,486 ಎಂದು ಅಂದಾಜು. ಈ ಅಂಕಿ ಸುಳ್ಳಲ್ಲ, ಆದರೆ ನಿಮ್ಮ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಈ ಲೆಕ್ಕದಲ್ಲಿ ಸಿಂಗಪುರಕ್ಕೆ ಸ್ವಂತ ನೀರು ಇಲ್ಲವೆಂದೇ ಹೇಳಬೇಕು. ಅಲ್ಲಿ 24 ಗಂಟೆಯೂ ನಲ್ಲಿ ನೀರು ಬರುತ್ತದೆ, ಕುಡಿಯಬಹುದು. ಇನ್ನೊಂದು ತುದಿಯಲ್ಲಿ ಉರುಗ್ವೆ ಇದೆ. ನೀರು ಮನುಷ್ಯನ ಹಕ್ಕು ಎಂದು 2004ರಲ್ಲಿ ಜನಮತದಿಂದ ಸಂವಿಧಾನಕ್ಕೇ ಸೇರಿಸಿಕೊಂಡ ದೇಶ, ಹಸಿರು ದೇಶ. 2023ರಲ್ಲಿ ಅದರ ರಾಜಧಾನಿ ಮಾಂಟೆವಿಡಿಯೊಗೆ ನೀರು ಕೊಡುವ ಜಲಾಶಯ ಬತ್ತಿತು. ಸಮುದ್ರದ ಉಪ್ಪು ಬೆರೆತ ನದಿಮುಖದ ನೀರನ್ನು ಸೇರಿಸಿ ನಲ್ಲಿಗೆ ಬಿಟ್ಟರು. ಅಷ್ಟು ನೀರಿನ ದೇಶದಲ್ಲಿ ಜನ ಬಾಟಲಿ ನೀರಿಗೆ ಸಾಲು ನಿಂತರು.

ಊರು ಯಾವುದೇ ಇರಲಿ, ನಾನಾದರೆ ಇಷ್ಟು ಕೇಳುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಆ ಮೂಲ ಕೈಕೊಟ್ಟರೆ ಎರಡನೆಯದು ಇದೆಯೇ, ಅದೇ ನೀರಿನ ಮೇಲೆ ಇನ್ನೊಬ್ಬರ ಹಕ್ಕು ಇದೆಯೇ. ಮೂರನೆಯ ಪ್ರಶ್ನೆ ಮರೆಯಬೇಡಿ. ಕಾವೇರಿಯ ನಡುವೆ ಬದುಕಿದವರು ನಾವು. 1924ರ ಒಪ್ಪಂದದ ವಿವಾದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಎಳೆಯಿತು. ಆ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಕಡೆ ಪಂಪ್ ಆಗಿ, ಹತ್ತಿರಹತ್ತಿರ 500 ಮೀಟರ್ ಮೇಲೇರಿ ನಿಮ್ಮ ಊರಿಗೆ ಬರುತ್ತದೆ.

ಧಾರವಾಡದಾಂವ

ಅಕ್ಕಾರ, ನಾ ಫೀನಿಕ್ಸ್‌ನ್ಯಾಗ ಇದ್ದು ಒಂಬತ್ತು ವರ್ಷ ಆತು. ಬರಬ್ಯಾಡ್ರಿ ಅಂತ ಹೇಳಂಗಿಲ್ಲ. ಆದ್ರ ಇಲ್ಲೆ ಮನಿ ತಗೊಳ್ಳೂ ಮುಂದ ಏನು ನೋಡ್ಬೇಕು ಅನ್ನೋದು ಹೇಳ್ತೀನಿ, ಯಾಕಂದ್ರ ನಾನೂ ತಿಳಕೊಳ್ಳಾಕ ತಡಾ ಮಾಡಿದೆ.

ಸರ್ ಕಾವೇರಿ ಅಂದ್ರಲ್ಲ, ಇಲ್ಲೆ ಕೊಲರಾಡೊ ನದಿ. 1922ರಾಗ ಏಳು ರಾಜ್ಯ ಕೂಡಿ ಹಂಚಿಕೊಂಡ್ರು. ಆಗಿನ ವರ್ಷ ಮಳಿ ಭಾಳ ಚಲೋ ಇದ್ದುವು, ಅದನ್ನ ನೋಡಿ ನದ್ಯಾಗ ಇರೋ ನೀರಿಗಿಂತ ಹೆಚ್ಚು ಕಾಗದದ ಮ್ಯಾಲೆ ಹಂಚಿಬಿಟ್ರು. ಈಗ ನದಿ ಸೊರಗೇತಿ. 2022ರ ಜುಲೈದಾಗ ಆ ನದಿಗೆ ಕಟ್ಟಿದ ಲೇಕ್ ಮೀಡ್ ಜಲಾಶಯ ತುಂಬಿದಾಗಿಂದ ಎಂದೂ ಕಾಣದಷ್ಟು ತಳಾ ಕಂಡಿತ್ತು. ಅದೇ ವರ್ಷ ಅರಿಝೋನಾದ ಪಾಲಿನ್ಯಾಗ ಶೇ. 18ರಷ್ಟು ಕಡಿತ ಆತು. ಮೊದಲ ಹೊಡತ ಬಿದ್ದದ್ದು ಹತ್ತಿ, ಮೇವು ಬೆಳಿಯೋ ರೈತರಿಗೆ. ಆ ನದಿ ನೀರು ನಮಗ ಬರೋದು 540 ಕಿ.ಮೀ. ಉದ್ದದ ಕಾಲುವಿಯೊಳಗ, ಗುಡ್ಡ ಏರಿಸಿ. ಹಂಚಿಕಿಯ 2007ರ ನಿಯಮದ ಅವಧಿ 2026ಕ್ಕ ಮುಗೀತೈತಿ.

ಆದ್ರ ಇನ್ನೊಂದು ಮಗ್ಗಲೂ ಹೇಳ್ಬೇಕು. 1980ರಾಗನ ಈ ರಾಜ್ಯದವರು ಒಂದು ಕಾನೂನು ಮಾಡ್ಯಾರ: ಫೀನಿಕ್ಸ್ ಸುತ್ತಮುತ್ತ ಹೊಸಾ ಲೇಔಟ್ ಮಾಡೋರು 100 ವರ್ಷಕ್ಕ ಸಾಕಾಗೋ ನೀರು ಐತಿ ಅಂತ ತೋರಿಸ್ಬೇಕು. 2023ರ ಜೂನ್‌ನ್ಯಾಗ ಲೆಕ್ಕಾ ತಗದು ನೋಡಿದ್ರ ಮುಂದಿನ 100 ವರ್ಷದಾಗ ಬೇಕಾಗೋ ಅಂತರ್ಜಲದಾಗ ಸುಮಾರು ಶೇ. 4ರಷ್ಟು ಕಡಿಮಿ ಬೀಳ್ತೈತಿ ಅಂತ ಗೊತ್ತಾತು. ಬರೀ ಅಂತರ್ಜಲ ನಂಬಿದ ಹೊಸಾ ಲೇಔಟ್‌ಗಳಿಗೆ ಒಪ್ಪಿಗಿ ಕೊಡೋದು ಅಲ್ಲಿಗೇ ನಿಲ್ಲಿಸಿದ್ರು. ನಮ್ಮ ಕಡೆ ಇಂಥಾ ಕಾನೂನು ಇದ್ದಿದ್ರ ಬೆಂಗಳೂರಾಗ ಎಷ್ಟು ಅಪಾರ್ಟ್‌ಮೆಂಟ್ ಏಳ್ತಿದ್ದುವು ಹೇಳ್ರಿ.

ಈ ಕಾನೂನಿನ್ಯಾಗ ಒಂದು ಕಿಂಡಿ ಐತಿ. ಆರಕ್ಕಿಂತ ಕಡಿಮಿ ಪ್ಲಾಟ್ ಮಾಡಿ ಮಾರಿದ್ರ 100 ವರ್ಷದ ಪುರಾವಿ ಬೇಕಾಗಿಲ್ಲ. ಸ್ಕಾಟ್ಸ್‌ಡೇಲ್ ಹೊರಗ ರಿಯೊ ವರ್ಡೆ ಫುಟ್‌ಹಿಲ್ಸ್ ಅಂತ ಐತಿ, ಹಂಗಽ ಬೆಳದದ್ದು. ಚಂದಾನ ಮನಿ, ಕುದುರಿ ಲಾಯ, ಹಿತ್ತಲದಾಗ ನೆಲದಡಿ ಟ್ಯಾಂಕು. ನೀರು ಬರೂದು ಟ್ಯಾಂಕರ್‌ನ್ಯಾಗ, ಸ್ಕಾಟ್ಸ್‌ಡೇಲ್ ನಗರದ ನಳದಿಂದ ತುಂಬಿಸ್ಕೊಂಡು. 2023ರ ಜನವರಿ 1ಕ್ಕ ಆ ನಗರ, ನಮ್ಮ ಮಂದಿಗೇ ಸಾಲಂಗಿಲ್ಲ ಅಂತ ನಳಾ ಬಂದ್ ಮಾಡಿತು. ನೂರಾರು ಮನಿ ಒಮ್ಮೆಲೇ ತ್ರಾಸಿಗೆ ಬಿದ್ದುವು. ಮಂದಿ ಕಾಗದದ ತಾಟಿನ್ಯಾಗ ಉಂಡ್ರು, ಮಳಿ ನೀರು ಹಿಡದ್ರು. ನಾನೂ ಹಿಂದಿನ ವರ್ಷ ಅಲ್ಲೆ ಒಂದು ಮನಿ ನೋಡಿ ಬಂದಿದ್ದೆ, ರೇಟು ಕಡಿಮಿ ಇತ್ತು. ಯಾಕ ಕಡಿಮಿ ಅಂತ ಕೇಳೋ ಬುದ್ಧಿ ನನಗ ಇರಲಿಲ್ಲ. ನನ್ನ ಹೆಂಡ್ತಿ ಹಿತ್ತಲದಾಗಿನ ಟ್ಯಾಂಕಿನ ಮುಚ್ಚಳಾ ನೋಡಿ, "ಇದು ನಮ್ಮ ಊರಿನ ಸಂಪ್ ಇದ್ದಂಗ ಐತಿ, ನಾ ಒಲ್ಲೆ" ಅಂದ್ಲು. ಉಳಿದ್ವಿ.

ಹಂಗಾಗಿ ಫೀನಿಕ್ಸ್ ನಗರದ ನಳಾ ಇದ್ದ ಮನಿ ಬ್ಯಾರೆ, ಹತ್ತು ಮೈಲು ಆಚೆ ಇರೋ ಮನಿ ಬ್ಯಾರೆ. ಮತ್ತ ಬಿಸಲು ಮರೀಬ್ಯಾಡ್ರಿ. 2023ರ ಜೂನ್ 30ರಿಂದ ಜುಲೈ 30ರ ತನಕ ಸತತ 31 ದಿನಾನೂ 43 ಡಿಗ್ರಿ ದಾಟಿತ್ತು.

ಹಾಸನ ಟು ಪರ್ತ್

ಅಕ್ಕ, ಹನ್ನೊಂದು ವರ್ಷದಿಂದ ಪರ್ತ್‌ನಲ್ಲಿದ್ದೀನಿ. ಇಲ್ಲಿಯ ಕಥೆ ಸ್ವಲ್ಪ ಉದ್ದ, ಆದರೆ ನಿಮ್ಮ ಕಾಲಂಗೆ ಬೇಕಾದದ್ದು ಇದರಲ್ಲಿದೆ.

ಇಲ್ಲಿ 1970ರ ದಶಕದಿಂದ ಮಳೆ ಇಳಿಯುತ್ತಾ ಬಂದಿದೆ. ಚಳಿಗಾಲದ ಮಳೆ ಇಳಿದಿರೋದು ಶೇ. 15–20ರಷ್ಟು ಮಾತ್ರ. ಆದರೆ ಅಣೆಕಟ್ಟಿಗೆ ಹರಿದು ಬರೋ ನೀರು ಶೇ. 70ಕ್ಕಿಂತ ಹೆಚ್ಚು ಕಡಿಮೆಯಾಯಿತು. ಮೊದಲ ಸಲ ಓದಿದಾಗ ನಾನು ನಂಬಲಿಲ್ಲ. ಆಮೇಲೆ ನಮ್ಮ ತೋಟದ್ದೇ ನೆನಪಾಯಿತು. ಒಣಗಿದ ನೆಲ ಮೊದಲ ನಾಲ್ಕು ಮಳೆಯನ್ನು ತಾನೇ ಕುಡಿದುಬಿಡುತ್ತೆ, ಹಳ್ಳ ಹರಿಯೋದು ಐದನೆಯದಕ್ಕೆ. ಮಳೆಯೇ ನಾಲ್ಕು ಬಂದರೆ ಹಳ್ಳಕ್ಕೆ ಏನು ಉಳಿಯುತ್ತೆ?

ಇವರು ಮಳೆ ವಾಪಸ್ ಬರುತ್ತೆ ಅಂತ ಕಾಯಲಿಲ್ಲ. 2006ರಲ್ಲಿ ಕ್ವಿನಾನಾದಲ್ಲಿ ಸಮುದ್ರದ ನೀರು ಸಿಹಿ ಮಾಡೋ ಘಟಕ ಶುರು ಮಾಡಿದರು, ವರ್ಷಕ್ಕೆ 45 ಶತಕೋಟಿ ಲೀಟರ್. 2011ರಲ್ಲಿ ದಕ್ಷಿಣಕ್ಕೆ ಬಿನ್ನಿಂಗಪ್‌ನಲ್ಲಿ ಎರಡನೆಯದು. ಈಗ ಉತ್ತರಕ್ಕೆ ಅಲ್ಕಿಮೋಸ್‌ನಲ್ಲಿ ಮೂರನೆಯದಕ್ಕೆ ಕೈಹಾಕಿದ್ದಾರೆ. 2017ರಿಂದ ಚರಂಡಿ ನೀರನ್ನು ಕುಡಿಯೋ ಮಟ್ಟಕ್ಕೆ ಶುದ್ಧ ಮಾಡಿ ಆಳದ ಅಂತರ್ಜಲಕ್ಕೆ ಇಳಿಸುತ್ತಿದ್ದಾರೆ. ನಲ್ಲಿ ನೀರಿನಲ್ಲಿ ಮಳೆಯನ್ನೇ ನಂಬಿದ ಅಣೆಕಟ್ಟಿನ ಪಾಲು ಈಗ ಸಣ್ಣದು.

ದಿನನಿತ್ಯ ಹೇಗಿರುತ್ತೆ ಅಂದರೆ, ಹನ್ನೊಂದು ವರ್ಷದಲ್ಲಿ ಬರಗಾಲ ಅಂತ ಒಂದು ದಿನವೂ ನಲ್ಲಿ ನಿಂತಿಲ್ಲ. ಸ್ನಾನಕ್ಕೆ, ಅಡಿಗೆಗೆ ಅಂಕೆ ಇಲ್ಲ. ಆದರೆ ಹಿತ್ತಲ ಹುಲ್ಲಿಗೆ ಸ್ಪ್ರಿಂಕ್ಲರ್ ಬಿಡೋಕೆ ವಾರಕ್ಕೆ ಎರಡೇ ದಿನ, ಅದೂ ಮನೆ ನಂಬರಿನ ಕೊನೆಯ ಅಂಕಿ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಬಂದ್. ನಿಯಮ ಮೀರಿದರೆ ದಂಡ. ಕೆಲವು ಏರಿಯಾದ ನೀರು ಗಡಸು, ಕೆಟಲ್ ಒಳಗೆ ಬಿಳಿ ಪೊರೆ ಕಟ್ಟುತ್ತೆ, ನನ್ನ ಹೆಂಡತಿ ವಿನೆಗರ್ ಹಾಕಿ ಉಜ್ಜುತ್ತಾಳೆ.

ಇನ್ನೊಂದು ನೀವೇ ಬಂದಾಗ ನೋಡ್ತೀರಿ. ಹಳೇ ಬಡಾವಣೆಗಳಲ್ಲಿ ಕಾಂಪೌಂಡು, ಫುಟ್‌ಪಾತು ಎಲ್ಲ ಮೊಣಕಾಲಿನ ಎತ್ತರದವರೆಗೆ ತುಕ್ಕಿನ ಬಣ್ಣ. ಸುಮಾರು ಮನೆಗಳಲ್ಲಿ ಗಾರ್ಡನ್‌ಗೆ ಅಂತಲೇ ಬೋರ್ ಇದೆ, ಆ ನೀರಿನ ಕಬ್ಬಿಣ ಗೋಡೆಗೆ ಕೂತಿರೋದು. ನೆಲ ಬರೀ ಮರಳು, ಕೆಲವು ಕಡೆ ಮೂವತ್ತು ನಲವತ್ತು ಅಡಿಗೇ ನೀರು. ಆ ಬೋರ್‌ಗೂ ಈಗ ವಾರಕ್ಕೆ ಎರಡೇ ದಿನ.

ಸುಖ ಮಾತ್ರ ಹೇಳಿದರೆ ತಪ್ಪಾಗುತ್ತೆ. 2023ರ ಅಕ್ಟೋಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಇಲ್ಲಿ ಮಳೆ ಅನ್ನೋದೇ ಬರಲಿಲ್ಲ ಅಂತ ಹೇಳಬೇಕು. ಮನೆಯೊಳಗೆ ನಲ್ಲಿ ತಿರುಗಿಸಿದರೆ ನೀರು. ಹೊರಗೆ ಗುಡ್ಡದ ಮೇಲೆ ನೂರಾರು ವರ್ಷದ ಮರಗಳು ನಿಂತಲ್ಲೇ ಕಂದಾದವು. ಮಗನನ್ನು ಕರ್ಕೊಂಡು ಹೋಗಿ ತೋರಿಸಿದೆ. ಊರು ತನಗೆ ನೀರು ಮಾಡಿಕೊಂಡಿತು, ಕಾಡಿಗೆ ಯಾರು ಮಾಡಿಕೊಡ್ತಾರೆ ಅನ್ನೋ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಕೋಲಾರದ ಮಗಳು

@ಹಾಸನ ಟು ಪರ್ತ್ ಅಣ್ಣ, ಚರಂಡಿ ನೀರನ್ನು ಶುದ್ಧ ಮಾಡಿ ನೆಲಕ್ಕೆ ಇಳಿಸುತ್ತಾರೆ ಅಂದಿರಲ್ಲ, ಅದು ಓದಿ ಕೈ ನಿಂತಿತು. ನಮ್ಮೂರಿಗೂ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂತು. ಕೆರೆ ತುಂಬಿದ್ದು ನೋಡಿ ಅಪ್ಪ ದೀಪ ಹಚ್ಚಿದರು. ಆ ವಯಸ್ಸಿನಲ್ಲಿ ಅವರ ಹಳೇ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡಿತು. ಆದರೆ ಮೊದಲ ಮಳೆಗಾಲದಲ್ಲೇ ನೊರೆ ಎದ್ದು ಕೋರ್ಟ್ ಮೆಟ್ಟಿಲೇರಿತು. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡುತ್ತಾರೆ, ಮೂರನೇ ಹಂತ ಬೇಕು ಅಂತ ಊರಿನವರು ಕೇಳುತ್ತಲೇ ಇದ್ದಾರೆ. ಅಲ್ಲಿ ಎಷ್ಟು ಹಂತ?

ಹಾಸನ ಟು ಪರ್ತ್

ಅಕ್ಕ, ಮಾಮೂಲಿ ಸಂಸ್ಕರಣೆ ಆದ ಮೇಲೆ ಸೂಕ್ಷ್ಮ ಜರಡಿ, ಆಮೇಲೆ ಆರ್‌ಓ, ಕೊನೆಗೆ ಅತಿನೇರಳೆ ಬೆಳಕು. ಅದಾದ ಮೇಲೇ ನೆಲಕ್ಕೆ. ಪೂರ್ತಿ ಪ್ರಮಾಣದಲ್ಲಿ ಶುರು ಮಾಡೋ ಮುಂಚೆ ಸಣ್ಣದಾಗಿ ಮೂರು ವರ್ಷ ಮಾಡಿ ನೋಡಿದರು. ಜನರನ್ನು ಕರೆದು ಘಟಕ ತೋರಿಸಿದರು. ಎಲ್ಲಾ ಕಡೆ ಹೀಗೆ ಒಪ್ಪಿಲ್ಲ. ಇದೇ ದೇಶದ ಟೂವುಂಬಾದಲ್ಲಿ 2006ರಲ್ಲಿ ಬರದ ನಡುವೆಯೇ ಮತ ಹಾಕಿಸಿದಾಗ ಜನ ಬೇಡ ಅಂದರು.

ವಾಟರ್ಲೂ ಅಮ್ಮ

ನಾನು ತುಮಕೂರಿನವಳು, ಇಲ್ಲಿ ಆರು ವರ್ಷ. ಕೆನಡಾ ಅಂದರೆ ಕೆರೆಗಳ ದೇಶ, ಪಕ್ಕದಲ್ಲೇ ಮಹಾಸರೋವರಗಳು, ಭೂಮಿಯ ಮೇಲ್ಮೈ ಸಿಹಿನೀರಿನಲ್ಲಿ ಐದನೇ ಒಂದು ಭಾಗ ಅದರಲ್ಲೇ ಇದೆ ಅಂತ ಎಲ್ಲರೂ ಹೇಳುತ್ತಾರೆ. ಬಂದ ಮೇಲೆ ಗೊತ್ತಾಗಿದ್ದು, ವಾಟರ್ಲೂ ಪ್ರದೇಶದ ಹೆಚ್ಚಿನ ನೀರು ಆ ಸರೋವರದ್ದಲ್ಲ, ಬೋರ್‌ವೆಲ್‌ದು. ಮುಕ್ಕಾಲು ಭಾಗದ ಹತ್ತಿರ ಅಂತರ್ಜಲ, ಉಳಿದದ್ದು ಗ್ರ್ಯಾಂಡ್ ನದಿಯದು. ನಿಮ್ಮ ಮೈದುನನಿಗೂ ಇದು ಗೊತ್ತಿರಲಿಕ್ಕಿಲ್ಲ, ಕೇಳಿ ನೋಡಿ.

ನೀರಿಗೆ ಕಷ್ಟ ಪಟ್ಟಿದ್ದೀವಾ ಅಂದರೆ ಇಲ್ಲ. ಆದರೆ ನೀರು ವಿಪರೀತ ಗಡಸು. ಮನೆಮನೆಯ ಬೇಸ್‌ಮೆಂಟಿನಲ್ಲಿ ನೀರು ಮೆದು ಮಾಡುವ ಯಂತ್ರ ಇದೆ, ಅದಕ್ಕೆ ಉಪ್ಪು ಸುರಿಯಬೇಕು. ಇಪ್ಪತ್ತು ಕಿಲೋ ಉಪ್ಪಿನ ಚೀಲ ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯುವುದು ನನ್ನ ಪಾಲಿನ ಕೆಲಸ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೂ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ನೆಲಕ್ಕಿಳಿದು ಅದೇ ಬಾವಿಗಳ ನೀರಿಗೆ ಸೇರುತ್ತಿದೆ ಎಂಬ ಚಿಂತೆ ಇಲ್ಲಿಯವರಿಗೆ ಬಹಳ ಇದೆ.

ನಾನು ಹೇಳಬೇಕೆಂದಿರುವುದು ಇದು: ನೀರು ಇರುವುದೂ, ಒಳ್ಳೆಯ ನೀರು ಇರುವುದೂ ಒಂದೇ ಅಲ್ಲ. ಇಲ್ಲಿಂದ ಉತ್ತರಕ್ಕೆ ವಾಕರ್ಟನ್ ಅಂತ ಚಿಕ್ಕ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ದನದ ಗೊಬ್ಬರದ ರೋಗಾಣು ಊರಿನ ಬಾವಿಗೆ ಇಳಿಯಿತು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ, ಹಾಕಿದ್ದೇವೆ ಅಂತ ದಾಖಲೆ ಬರೆದಿದ್ದರು. 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಮಲಗಿದರು. ವಿಚಾರಣೆ ನಡೆದು, 2006ರಲ್ಲಿ ನೀರಿನ ಮೂಲವನ್ನೇ ಕಾಪಾಡುವ ಕಾನೂನು ಬಂತು. ಈಗಿನ ಬಿಗಿ ಬಂದದ್ದು ಆ ಸಾವುಗಳಿಂದ. ಇನ್ನೊಂದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇದೇ ಒಂಟಾರಿಯೊದ ಉತ್ತರದಲ್ಲಿ ನೆಸ್ಕಂಟಾಗ ಎಂಬ ಮೂಲನಿವಾಸಿಗಳ ಊರಿನಲ್ಲಿ 1995ರಲ್ಲಿ ನೀರು ಕುದಿಸಿ ಕುಡಿಯಿರಿ ಎಂದು ಹೊರಡಿಸಿದ ಎಚ್ಚರಿಕೆ ದಶಕಗಳೇ ಕಳೆದರೂ ತೆಗೆದಿರಲಿಲ್ಲ. ಆಗ ಹುಟ್ಟಿದ ಮಗು ದೊಡ್ಡದಾಗಿ ಮಕ್ಕಳನ್ನು ಹೆತ್ತಿರುತ್ತದೆ. ಕೆನಡಾದ ಸರಾಸರಿಯಲ್ಲಿ ಆ ಊರು ಕಾಣುವುದಿಲ್ಲ.

ಕುಂದಾಪ್ರದವ

ನಾನು ಅಬುಧಾಬಿಯಲ್ಲಿ 17 ವರ್ಷ. ನೀವು ಕೇಳಿದ್ದು ಈ ಊರಲ್ಲ, ಆದರೂ ಉಪಯೋಗಕ್ಕೆ ಬಂದೀತು.

ಇಲ್ಲಿ ನದಿ ಇಲ್ಲ, ಮಳೆ ಹೇಳಿಕೊಳ್ಳುವಷ್ಟಿಲ್ಲ. ಆದರೂ ನೀರಿಲ್ಲ ಎಂದು ನಾನು ಕೊಡ ಹಿಡಿದವನಲ್ಲ. ಕೊಡ ಹಿಡಿದದ್ದು ಊರಿನಲ್ಲಿ ಮಾರಾಯ್ರೆ! ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ. 2019ರ ಮೇ ತಿಂಗಳಲ್ಲಿ ರಜೆಗೆ ಹೋದಾಗ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತ್ತು. ಧರ್ಮಸ್ಥಳದಲ್ಲಿ ನೇತ್ರಾವತಿ ಸೊರಗಿ, ಭಕ್ತರು ಪ್ರವಾಸ ಮುಂದೂಡಿ ಎಂದು ಕ್ಷೇತ್ರದಿಂದಲೇ ಕೇಳಿಕೊಂಡರು. ಸುರಿಯುವ ಮಳೆಗೂ ನಲ್ಲಿಯ ನೀರಿಗೂ ನಡುವೆ ಹಿಡಿದಿಡುವ ಕೆಲಸ ಒಂದು ಉಂಟು. ಅದು ಆಗದಿದ್ದರೆ ಎಷ್ಟು ಸುರಿದರೂ ಎಲ್ಲ ಅರಬ್ಬೀ ಸಮುದ್ರಕ್ಕೆ.

ಹಾಗಂತ ಇಲ್ಲಿಯದ್ದು ಗಟ್ಟಿ ಎಂದೂ ನಾನು ಹೇಳುವುದಿಲ್ಲ. ಎಲ್ಲ ನಿಂತಿರುವುದು ಸಮುದ್ರದ ನೀರು ಮತ್ತು ಇಂಧನದ ಮೇಲೆ. 2008–09ರಲ್ಲಿ ಸಮುದ್ರದಲ್ಲಿ ಕೆಂಪು ಪಾಚಿ ಹಬ್ಬಿ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. 1991ರ ಯುದ್ಧದಲ್ಲಿ ಸಮುದ್ರಕ್ಕೆ ಎಣ್ಣೆ ಚೆಲ್ಲಿದಾಗ ಸೌದಿಯವರು ನೀರಿನ ಘಟಕದ ಬಾಯಿ ಕಾಯಲು ಪಟ್ಟ ಪಾಡನ್ನು ಹಳಬರು ಈಗಲೂ ಹೇಳುತ್ತಾರೆ. ಅದಕ್ಕೇ ಲಿವಾ ಮರುಭೂಮಿಯ ಅಡಿಯಲ್ಲಿ 26 ದಶಲಕ್ಷ ಘನ ಮೀಟರ್ ಸಿಹಿನೀರು ತುಂಬಿಸಿ ಇಟ್ಟಿದ್ದಾರೆ, 10 ಲಕ್ಷ ಜನಕ್ಕೆ 90 ದಿನಕ್ಕೆ ಸಾಕು ಎಂಬ ಲೆಕ್ಕದಲ್ಲಿ. ನನಗೆ ಇದು ದುಡಿಯುವ ಊರು, ಮಣ್ಣಾಗುವ ಊರಲ್ಲ. ಹಾಗಾಗಿ ಅವರ 90 ದಿನ ನನಗೆ ಸಾಕು. ನೀವು ಮಗಳ ಜೀವಮಾನದ ಲೆಕ್ಕ ಹಾಕುವವರು.

ಕೇಪ್ ಟೌನ್‌ನಲ್ಲಿದ್ದವಳು

2016ರಿಂದ 2019ರವರೆಗೆ ಯಜಮಾನರ ಕೆಲಸದ ಮೇಲೆ ಕೇಪ್ ಟೌನ್‌ನಲ್ಲಿದ್ದೆವು. ನಿಜವಾಗಿಯೂ ನೀರು ಮುಗಿಯುವುದು ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ.

ಸುಮಾರು 40 ಲಕ್ಷ ಜನರ ಊರು, ಹೆಚ್ಚುಕಡಿಮೆ ಪೂರ್ತಿ ಮಳೆ ಅಣೆಕಟ್ಟುಗಳನ್ನೇ ನಂಬಿತ್ತು. ಮೂರು ಚಳಿಗಾಲ ಸಾಲಾಗಿ ಮಳೆ ಕೈಕೊಟ್ಟಿತು. ನಲ್ಲಿ ಬಂದ್ ಮಾಡುವ ದಿನಕ್ಕೆ ಡೇ ಝೀರೊ ಎಂದು ಹೆಸರಿಟ್ಟು ತಾರೀಖು ಹೇಳಿದರು, 2018ರ ಏಪ್ರಿಲ್ 12. ಆ ದಿನದಿಂದ ಊರಿನ 200 ಜಾಗಗಳಲ್ಲಿ ಸಾಲು ನಿಂತು ತಲೆಗೆ 25 ಲೀಟರ್. ಫೆಬ್ರವರಿ 1ರಿಂದಲೇ ದಿನಕ್ಕೆ ಒಬ್ಬರಿಗೆ 50 ಲೀಟರಿನ ಮಿತಿ. 50 ಲೀಟರ್ ಅಂದರೆ ಏನು ಎಂದು ಅಳೆದು ನೋಡಿ. ಸ್ನಾನಕ್ಕೆ ಒಂದು ಬಕೆಟ್, ಅದೇ ನೀರು ಟಬ್ಬಿನಲ್ಲಿ ಹಿಡಿದು ಕಕ್ಕಸಿಗೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆಯ ಮೊದಲ ತೊಳೆತ. ಇಡ್ಲಿ ಮಾಡುವುದನ್ನೇ ಬಿಟ್ಟೆ, ಇಡ್ಲಿ ತಟ್ಟೆ ತೊಳೆಯುವಷ್ಟು ನೀರಿರಲಿಲ್ಲ. ನ್ಯೂಲ್ಯಾಂಡ್ಸ್‌ನ ಚಿಲುಮೆಗೆ ಕ್ಯಾನ್ ತೆಗೆದುಕೊಂಡು ಹೋಗಿ ರಾತ್ರಿ ಸಾಲಿನಲ್ಲಿ ನಿಂತಿದ್ದೇವೆ.

ಏಪ್ರಿಲ್ ಅಂದದ್ದು ಮೇ, ಜೂನ್, ಜುಲೈಗೆ ಹೋಯಿತು. ತೋಟಗಾರರು ತಮ್ಮ ಪಾಲಿನ ನೀರು ಬಿಟ್ಟುಕೊಟ್ಟರು, ಊರು ಬಳಕೆಯನ್ನು ಮೂರು ವರ್ಷದ ಹಿಂದಿನದಕ್ಕಿಂತ ಅರ್ಧಕ್ಕಿಂತಲೂ ಕೆಳಗಿಳಿಸಿತು, ಜೂನ್‌ನಲ್ಲಿ ಮಳೆ ಬಂತು. ನಲ್ಲಿ ನಿಲ್ಲಲೇ ಇಲ್ಲ.

ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ತಗಡಿನ ಮನೆಗಳ ಬಡಾವಣೆಯವಳು. ನಾನು ಸಾಲಿನಲ್ಲಿ ನಿಂತು ನೀರು ತರುವ ಕಷ್ಟ ಹೇಳಿಕೊಂಡಾಗ ಅವಳು, "ನಾನು ಹುಟ್ಟಿದಾಗಿಂದ ಹಾಗೇ ತರುತ್ತಿದ್ದೇನೆ" ಎಂದಳು, ಅಷ್ಟೇ. ನನ್ನಲ್ಲಿ ಉತ್ತರ ಇರಲಿಲ್ಲ. ಹೊಸ ದೇಶಕ್ಕೆ ಹೋದಾಗ ನಾವು ಯಾವ ಬೀದಿಯಲ್ಲಿ ಮನೆ ಮಾಡುತ್ತೇವೆ ಎಂಬುದರ ಮೇಲೂ ನೀರು ನಿಂತಿದೆ.

ಕೇಂಬ್ರಿಜ್ ಕನ್ನಡತಿ

ಇಂಗ್ಲೆಂಡಿನ ಬಗ್ಗೆ ಯಾರೂ ಕೇಳಿಲ್ಲ, ಆದರೂ ಒಂದು ಮಾತು. ಲಂಡನ್‌ನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಬೆಂಗಳೂರಿನಲ್ಲಿ 970 ಹತ್ತಿರ. ಸದಾ ಜಿನುಗುವುದನ್ನು ನೋಡಿ ಇಲ್ಲಿ ನೀರು ಹೇರಳ ಅಂದುಕೊಂಡಿದ್ದೆ. ಕೇಂಬ್ರಿಜ್‌ನಲ್ಲಿ ಸಾವಿರಾರು ಹೊಸ ಮನೆಗಳ ಯೋಜನೆಗೆ ಪರಿಸರ ಸಂಸ್ಥೆಯೇ ತಕರಾರು ತೆಗೆದಿತ್ತು, ಸುಣ್ಣಕಲ್ಲಿನ ಪದರದಿಂದ ಇನ್ನೂ ನೀರೆತ್ತಿದರೆ ತೊರೆಗಳು ಸಾಯುತ್ತವೆ ಎಂದು.

ದುರ್ಗದಲ್ಲೇ ಇರೋನು

ಎಲ್ಲಾ ಓದಿದೆ. ಬೇಜಾರಾಗಿ ಬರೀತಿದ್ದೀನಿ, ಯಾರೂ ತಪ್ಪು ತಿಳ್ಕಬೇಡಿ. 2023ರಲ್ಲಿ ಈ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆದವು. ನಾವೆಲ್ಲ ಎಲ್ಲಿಗೆ ಹೋಗಾಣ? ಓದಿದವರು, ನೀರಿನ ಬೆಲೆ ಗೊತ್ತಿರೋರು, ದನಿ ಎತ್ತಿ ಕೇಳೋರು ಒಬ್ಬೊಬ್ಬರಾಗಿ ಹೋದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೇಳೋರು ಯಾರು ಉಳೀತಾರೆ? ಅಕ್ಕ, ನೀವು ಲ್ಯಾಬಿನಲ್ಲಿ ಕೆಲಸ ಮಾಡೋರು. ನಿಮ್ಮಂಥವರು ನಮ್ಮ ಊರಿನ ಕೆರೆ ನೀರು ಪರೀಕ್ಷೆ ಮಾಡಿ ಕಾಗದ ಕೊಟ್ಟರೆ ಅದಕ್ಕೆ ಒಂದು ತೂಕ ಇರುತ್ತೆ.

ಕೋಲಾರದ ಮಗಳು

@ದುರ್ಗದಲ್ಲೇ ಇರೋನು ತಮ್ಮಾ, ನಿನ್ನ ಮಾತು ಎರಡು ದಿನದಿಂದ ತಲೆಯಲ್ಲಿದೆ. ತಪ್ಪು ತಿಳಿದಿಲ್ಲ. ಉತ್ತರ ನನ್ನ ಹತ್ತಿರ ಪೂರ್ತಿ ಇಲ್ಲ. ನನ್ನ ಮಗಳ ಭಯವೂ ನಿಜ, ನೀನು ಹೇಳಿದ್ದೂ ನಿಜ. ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಕೆರೆಯಿಂದ ಎರಡು, ಅಪ್ಪನ ಬೋರ್‌ನಿಂದ ಒಂದು, ಊರಿನ ಟ್ಯಾಂಕಿನಿಂದ ಒಂದು, ನಾಲ್ಕು ಬಾಟಲಿ ನೀರು ತಂದಿದ್ದೇನೆ. ಫ್ಲೋರೈಡ್, ನೈಟ್ರೇಟ್, ಲೋಹಗಳು, ಕೋಲಿಫಾರ್ಮ್ ನೋಡಿಸುತ್ತೇನೆ. ಹೊರಡುವುದರೊಳಗೆ ಮಳೆಗಾಲದಲ್ಲಿ ಇನ್ನೊಮ್ಮೆ ತೆಗೆಸುತ್ತೇನೆ. ವರದಿ ಪಂಚಾಯಿತಿಗೂ ಕೊಟ್ಟು ಇಲ್ಲೂ ಹಾಕುತ್ತೇನೆ.

ಉಳಿದದ್ದು ಹೇಳುತ್ತೇನೆ. ಫೀನಿಕ್ಸ್ ಬಿಟ್ಟೆವು. ನದಿಯ ಹಂಚಿಕೆ ಏನಾಗುತ್ತದೋ ಎಂದು ಕಾಯುವುದು ಈ ಜನ್ಮದಲ್ಲಿ ಕಾವೇರಿಗೇ ಸಾಕಾಗಿದೆ. ವಾಟರ್ಲೂಗೂ ಪರ್ತ್‌ಗೂ ನಡುವೆ ಬಹಳ ತೂಗಿದೆವು. ಮೈದುನನಿಗೆ ಕೇಳಿದಾಗ ನಿಜಕ್ಕೂ ಅವನಿಗೆ ಬೋರ್‌ವೆಲ್ ವಿಷಯ ಗೊತ್ತಿರಲಿಲ್ಲ. ಯಜಮಾನರಿಗೆ ಈಗಲೂ ಕೆನಡಾವೇ ನೀರಿನ ದೇಶ. ನನಗೆ ಮಾತ್ರ, ಮಳೆ ಹೋಯಿತು ಎಂದು ಒಪ್ಪಿಕೊಂಡು ಮೂರು ಬೇರೆ ಬೇರೆ ಮೂಲ ಮಾಡಿಕೊಂಡ ಊರಿನ ಮೇಲೆ ನಂಬಿಕೆ ಹೆಚ್ಚು ಬರುತ್ತಿದೆ. ಕೆಲಸವೂ ಅಲ್ಲಿ ನನ್ನ ಹೆಸರಿಗೇ ಸಿಗುತ್ತದೆ. ಮುಂದಿನ ತಿಂಗಳು ಪರ್ತ್‌ಗೆ ಅರ್ಜಿ ಹಾಕುತ್ತೇವೆ.

@ಜಲಲೆಕ್ಕ ಸರ್, ಸಮುದ್ರದ ನೀರು ಸಿಹಿ ಮಾಡಲು ಕರೆಂಟು ಬಹಳ ಬೇಕಲ್ಲವೇ? ಅದೊಂದು ಉಳಿಯಿತು.

ಜಲಲೆಕ್ಕ

ಬೇಕು ತಾಯಿ. ಆರ್‌ಓ ಪದ್ಧತಿಯಲ್ಲಿ ಒಂದು ಘನ ಮೀಟರ್ ಅಂದರೆ 1,000 ಲೀಟರಿಗೆ ಸುಮಾರು 3ರಿಂದ 4 ಯೂನಿಟ್. ದುಬಾರಿ ಅನಿಸುತ್ತದೆ. ಆದರೆ ಕಾವೇರಿಯನ್ನು ಬೆಂಗಳೂರಿಗೆ ಎತ್ತುವುದಕ್ಕೂ ಹತ್ತಿರಹತ್ತಿರ 2 ಯೂನಿಟ್ ಆಗುತ್ತದೆ, 500 ಮೀಟರ್ ಎತ್ತರದ ಲೆಕ್ಕ ಹಾಕಿದರೆ ನಿಮಗೇ ಸಿಗುತ್ತದೆ. ಕ್ವಿನಾನಾದವರು ತಮ್ಮ ಘಟಕಕ್ಕೆ ತಗಲುವ ವಿದ್ಯುತ್ತಿಗೆ ಗಾಳಿಯಂತ್ರಗಳ ವಿದ್ಯುತ್ತನ್ನು ಕೊಂಡು ಸರಿದೂಗಿಸಿದರು. ನೀರಿನ ಬಿಲ್ಲು ಏರಬಹುದು. ಅದನ್ನು ಮನೆಯ ಖರ್ಚಿಗೆ ಸೇರಿಸಿಕೊಳ್ಳಿ.

ನಾಲ್ಕು ಬಾಟಲಿಯ ವರದಿ ಬಂದಾಗ ನನಗೂ ತೋರಿಸಿ. ಬೋರ್‌ವೆಲ್ ಬಾಟಲಿಯ ಮೇಲೆ ಆಳ, ಪಂಪು ಎಷ್ಟು ಹೊತ್ತು ಓಡಿಸಿದ ಮೇಲೆ ಹಿಡಿದದ್ದು ಎಂದು ಬರೆದಿದ್ದೀರಾ?

ಕೋಲಾರದ ಮಗಳು

ಆಳ ಬರೆದಿದ್ದೇನೆ ಸರ್. ಎಷ್ಟು ಹೊತ್ತು ಓಡಿತ್ತು ಎಂದು ಬರೆದಿಲ್ಲ. ಅಪ್ಪನಿಗೆ ಈಗಲೇ ಫೋನ್ ಮಾಡಿ ಕೇಳುತ್ತೇನೆ.